ಕ್ಲೋಸ್‌ಪೇಟೆಯ ದಿನೇಶ್ವರ

ಕಳೆದ ತಿಂಗಳು ಕನಕಪುರದ ಒಂದು ಛತ್ರದಲ್ಲಿ ನಾನು ಮೈಕ್ ಹಿಡಿದು ಇಂಗ್ಲಿಷ್‌ನಲ್ಲಿ ಜನರನ್ನು ಊಟಕ್ಕೆ ಕರೆದೆ. ಮೂರನೇ ಸಾಲಿನಲ್ಲಿ ಕೂತಿದ್ದ ನನ್ನ ಅಜ್ಜಿ ಎದ್ದು ನಿಂತು ಕೈಮುಗಿದಳು.

ತಮಾಷೆ ಅಲ್ಲ. (ನಾನು ಏನು ಹೇಳಿದರೂ ತಮಾಷೆ ಅಂದುಕೊಳ್ಳುತ್ತಾರೆ. ಹೋದ ವರ್ಷ ಜ್ವರ ಬಂದಿದೆ ಅಂದಾಗ ಡಾಕ್ಟರೂ ನಕ್ಕರು.)

ಸೋದರಮಾವನ ಮಗಳ ರಿಸೆಪ್ಷನ್. ಮನೆಯಲ್ಲೇ ಒಬ್ಬ ಮಿಮಿಕ್ರಿಯವನು ಬಿದ್ದಿರುವಾಗ ಆರ್ಕೆಸ್ಟ್ರಾ ಯಾಕೆ ಅಂತ ಮಾವ ಮೈಕನ್ನು ನನ್ನ ಕೈಗೆ ತುರುಕಿದ್ದರು. ನಾನು ನನ್ನ ಹಳೇ ಸರಕನ್ನೆಲ್ಲ ಇಳಿಸಿದೆ. ಕೆಂಪು ಬಸ್ಸಿನ ಕಂಡಕ್ಟರ್, 'ಬಿಡ್ದಿ, ರಾಮ್ನಗ್ರ, ಚನ್ಪಟ್ಣ, ಮದ್ದೂರ್ ಯಾರ್ರೀ!' ಆಮೇಲೆ ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಹರಾಜು ಕೂಗುತ್ತಿದ್ದವನು. ಹರಾಜೆಲ್ಲ ಈಗ ಕಂಪ್ಯೂಟರ್‌ಗೆ ಹೋಗಿದೆ. ಆ ದನಿ ಉಳಿದಿರುವುದು ನನ್ನ ಗಂಟಲಲ್ಲಿ ಮಾತ್ರ. ಅಷ್ಟರಲ್ಲಿ ಅಡುಗೆಯವರು ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು, ಎಲೆ ಹಾಕಿದೆ ಅಂತ. ನನಗೊಂದು ಹುಕಿ ಬಂತು. ಮದುಮಗನ ಬಿಳಿ ಕರ್ಚೀಫು ಕಿತ್ತುಕೊಂಡು ಮುಂಗೈ ಮೇಲೆ ಹಾಕಿಕೊಂಡೆ. ಕತ್ತು ನೆಟ್ಟಗೆ, ಮೂಗು ಮೇಲೆ. ಥೇಟ್ ದೊರೆ ಬಂಗಲೆಯ ಬಟ್ಲರ್.

'ಡಿನ್ನರ್ ಈಸ್ ಸರ್ವ್ಡ್, ಸಾರ್!'

ಜನ ಚಪ್ಪಾಳೆ ಹೊಡೆಯಲೂ ನಿಲ್ಲಲಿಲ್ಲ. ನೇರ ಊಟದ ಹಾಲ್ ಕಡೆ ಓಡಿದರು. ಖಾಲಿ ಕುರ್ಚಿಗಳ ನಡುವೆ ಅಜ್ಜಿ ಒಬ್ಬಳೇ ಕೈಮುಗಿದು ನಿಂತಿದ್ದಳು.

ಎಲೆ ಮುಂದೆ ಕೂತಾಗ ಕೇಳಿದೆ. 'ಯಾಕಜ್ಜಿ ಕೈ ಮುಗ್ದೆ?'

'ನೀನೇ ಕೂಗ್ದಲ್ಲಾ ಮೈಕಲ್ಲಿ, ದಿನೇಸ್ವರಾ ಸಾ ಅಂತವ. ದೇವ್ರೆಸ್ರು ಕಿವಿಗ್ ಬಿದ್ಮೇಲೆ ಕುಂತಿರಕಾಯ್ತದಾ?' ಅಂದಳು. ಹಪ್ಪಳ ಮುರಿಯುತ್ತಾ ಮತ್ತೆ ಹೇಳಿದಳು, 'ಒಸಿ ನಮ್ಮಪ್ಪ ಕೂಗ್ದಂಗೇ ಇತ್ತು ಕಣ್ಲಾ.'

ನನ್ನ ಕೈಲಿದ್ದ ಪಾಯಸದ ಲೋಟ ಅಲ್ಲೇ ನಿಂತಿತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು. ಹೊಂಗನೂರಿನ ನಮ್ಮ ಮನೆಯಲ್ಲಿ ಮೊದಲ ತುತ್ತು ಮುರಿಯುವ ಮುಂಚೆ ಎಲ್ಲರೂ ಕೈಮುಗಿದು 'ದಿನೇಸ್ವರಾ ಸಾ' ಅನ್ನಬೇಕು. ಅನ್ನದಿದ್ದರೆ ಅಜ್ಜಿ ತಟ್ಟೆ ಎಳೆದುಕೊಳ್ಳುತ್ತಾಳೆ. ಈ ದೇವರು ಅಜ್ಜಿಯ ತವರಿನಿಂದ ಬಂದವನು. ಗುಡಿ ಇಲ್ಲ, ಫೋಟೋ ಇಲ್ಲ, ಹಬ್ಬ ಇಲ್ಲ. ಊಟದ ಹೊತ್ತಿಗೆ ಮಾತ್ರ ನೆನಪಾಗುವ ದೇವರು. ಮಾಗಡಿಯಲ್ಲಿ ಕನ್ನಡ ಮೇಷ್ಟ್ರಾಗಿರುವ ನನ್ನ ಚಿಕ್ಕಪ್ಪ ಇದಕ್ಕೆ ವ್ಯಾಕರಣವನ್ನೂ ಹೊಂದಿಸಿದ್ದಾರೆ. ದಿನ ಪ್ಲಸ್ ಈಶ್ವರ, ದಿನೇಶ್ವರ, ಗುಣಸಂಧಿ, ಅಂದರೆ ಸೂರ್ಯ. 'ಸಾ' ಅಂದರೆ ಸ್ವಾಮಿ. ಅವರ ಸ್ಕೂಟರಿನ ಮುಂದೆ 'ಶ್ರೀ ದಿನೇಶ್ವರ ಪ್ರಸನ್ನ' ಅಂತ ಸ್ಟಿಕ್ಕರ್ ಇದೆ.

ಇನ್ನೊಂದು ವಿಷಯ. ನನ್ನ ಹೆಸರು ದಿನೇಶ. ಆ ದೇವರ ಹೆಸರನ್ನೇ ಇಟ್ಟಿದ್ದು. ಇಪ್ಪತ್ತೆಂಟು ವರ್ಷ ನಾನು ಸೂರ್ಯ ಅಂದುಕೊಂಡು ಓಡಾಡಿದೆ. ಕನಕಪುರದ ಛತ್ರದಲ್ಲಿ, ಪಾಯಸದ ಎದುರು, 'ದಿನೇಸ್ವರಾ ಸಾ' ಅಂದರೆ 'ಡಿನ್ನರ್ ಈಸ್ ಸರ್ವ್ಡ್, ಸಾರ್' ಅಂತ ಹೊಳೆದು, ನನ್ನ ಹೆಸರಿನ ನಿಜವಾದ ಅರ್ಥ ಗೊತ್ತಾಯಿತು. ಊಟ ರೆಡಿ.

ನಗಬಹುದು. ನಾನೂ ನಕ್ಕೆ. ಆದರೆ 'ನಮ್ಮಪ್ಪ ಕೂಗ್ದಂಗೇ ಇತ್ತು' ಅನ್ನುವ ಮಾತು ಕಿವಿಯಲ್ಲೇ ಉಳಿಯಿತು.

ಅಜ್ಜಿಯ ಅಪ್ಪ ಕೆಂಚಯ್ಯ, ರಾಮನಗರದ ಪಕ್ಕದ ಹಳ್ಳಿಯವನು. ಬೆಂಗಳೂರು ದಂಡಿನಲ್ಲಿ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿದ್ದ. ದೊರೆ ತನ್ನ ದೇಶಕ್ಕೆ ಹೊರಟಾಗ ಇವನನ್ನೂ ಹಡಗು ಹತ್ತಿಸಿಕೊಂಡು ಹೋದ. ಆಗ ಅಜ್ಜಿ ಕೈಗೂಸು. ಅವನು ವಾಪಸ್ ಬಂದಾಗ ಅವಳಿಗೆ ಆರೋ ಏಳೋ. ಬಂದವನು ಎರಡು ಮಳೆಗಾಲ ಕಂಡ, ಜ್ವರ ಬಂತು, ಹೋದ. ಅಜ್ಜಿಯ ಹತ್ತಿರ ಉಳಿದಿರುವುದು ಮುಂಗೈ ಮೇಲೆ ಬಿಳಿ ಟವೆಲ್ಲು ಹಾಕಿ ನಿಂತ ಒಂದು ಆಕಾರ, ಮತ್ತು ಆ ದೇವರ ಹೆಸರು. 'ಮುಖ ಬತ್ತದೆ ಅಂತ ಕಣ್ ಮುಚ್ತೀನಿ. ಟವೆಲ್ಲೇ ಬತ್ತದೆ' ಅನ್ನುತ್ತಾಳೆ.

ಆತ ಅಲ್ಲಿ ಏನಾಗಿದ್ದ? ನಮ್ಮಪ್ಪನ ಪ್ರಕಾರ ಮ್ಯಾನೇಜರ್. ಚಿಕ್ಕಪ್ಪನ ಪ್ರಕಾರ ದೊರೆಯ ಸಲಹೆಗಾರ. ಇನ್ನೊಂದು ತಲೆಮಾರು ಕಳೆದಿದ್ದರೆ ಮುತ್ತಜ್ಜ ವೈಸರಾಯ್ ಆಗಿಬಿಡುತ್ತಿದ್ದ. ಈಗ ನಾನು ಬಾಯಿಬಿಟ್ಟರೆ ಅಜ್ಜಿಯ ಅಪ್ಪ ಮ್ಯಾನೇಜರ್ ಪಟ್ಟದಿಂದ ಬಟ್ಲರ್ ಕೆಲಸಕ್ಕೆ ಇಳಿಯುತ್ತಾನೆ, ಅದೇ ಏಟಿಗೆ ದೇವರೂ ಇಳಿಯುತ್ತಾನೆ. ಎಂಬತ್ತು ದಾಟಿದ ಹೆಂಗಸಿನಿಂದ ಅಪ್ಪನನ್ನೂ ದೇವರನ್ನೂ ಒಟ್ಟಿಗೆ ಕಿತ್ತುಕೊಳ್ಳುವುದೇ? ಕಿತ್ತುಕೊಂಡರೆ ಬದಲಿಗೆ ಏನಾದರೂ ಕೊಡಬೇಕು. ಆ ಮುಖವನ್ನಾದರೂ ಹುಡುಕಿಕೊಡೋಣ ಅಂದುಕೊಂಡೆ.

ಅಜ್ಜಿಯ ಹತ್ತಿರ ಅಪ್ಪನ ಟ್ರಂಕ್ ಒಂದಿದೆ. ಈಗ ಅದರಲ್ಲಿ ರಾಗಿಹಿಟ್ಟು. ಮುಚ್ಚಳದ ಒಳಗೆ ಒಂದು ಲೇಬಲ್, ಅರ್ಧ ಹುಳ ತಿಂದಿದೆ. ಉಳಿದರ್ಧದಲ್ಲಿ ಒಂದು ಮನೆಯ ಹೆಸರು. ನಮ್ಮಲ್ಲಿ ಮನೆಗೆ ಡೋರ್ ನಂಬರ್ ಇರುತ್ತದೆ. ಅಲ್ಲಿ ಮನೆಗೇ ಊರಿನಂಥ ಹೆಸರು. ಮೊಬೈಲಿನಲ್ಲಿ ಹುಡುಕಿದೆ. ಸಿಕ್ಕೇಬಿಟ್ಟಿತು! ಹುಲ್ಲುಗಾವಲಿನ ನಡುವೆ ಅರಮನೆಯಂಥ ಮನೆ, ನೂರು ಕಿಟಕಿ. ಈಗ ದೊರೆಗಳಿಲ್ಲ, ಟಿಕೆಟ್ ತೆಗೆದುಕೊಂಡು ನೋಡಿಬರಬೇಕು. ಹಳೇ ಕಾಗದಗಳನ್ನು ನೋಡಿಕೊಳ್ಳುವವರೊಬ್ಬರ ಈಮೇಲ್ ಇತ್ತು.

ನನಗೆ ಬರುವ ಇಂಗ್ಲಿಷ್ ಪತ್ರ ಒಂದೇ, ಸ್ಕೂಲಿನ ರಜಾ ಅರ್ಜಿ. ಅದೇ ಶೈಲಿಯಲ್ಲಿ ಬರೆದೆ. ನನ್ನ ಮುತ್ತಜ್ಜನವರು ಬಹಳ ವರ್ಷಗಳಿಂದ ಗೈರುಹಾಜರಾಗಿದ್ದು, ದಯವಿಟ್ಟು ತಾವು ಹುಡುಕಿಕೊಡಬೇಕಾಗಿ ವಿನಂತಿ.

ಆ ಮೇಡಂ ಒಳ್ಳೆಯವರು. ನಾಲ್ಕೇ ದಿನದಲ್ಲಿ ಉತ್ತರ ಬಂತು. ಕೆಲಸದವರ ಪುಸ್ತಕ ಪೂರ್ತಿ ನೋಡಿದೆ, ಕೆಂಚಯ್ಯ ಅನ್ನುವವರು ಯಾರೂ ಇಲ್ಲ, ಕ್ಷಮಿಸಿ. ಇಂಡಿಯಾದಿಂದ ಬಂದವನು ಒಬ್ಬನಿದ್ದಾನೆ, ಆದರೆ ಹೆಸರು ನೋಡಿದರೆ ನಿಮ್ಮವನಲ್ಲ. ಮನೆತನದ ಹೆಸರು ಮೊದಲು ಬರೆಯುವುದು ಆ ಪುಸ್ತಕದ ಪದ್ಧತಿ. ಅದರಂತೆ ಇರುವುದು ಹೀಗೆ: ಕ್ಲೋಸ್, ಪೀಟ್.

ಯಾರೋ ಕಿರಿಸ್ತಾನರ ಪೀಟ್. ಮುಗಿಯಿತು ಅಂದುಕೊಂಡೆ. ಆದರೆ ನನಗೊಂದು ರೋಗ ಇದೆ. ಯಾವುದನ್ನೂ ಸುಮ್ಮನೆ ಓದಲು ಬರುವುದಿಲ್ಲ, ಯಾರದಾದರೂ ದನಿಯಲ್ಲಿ ಓದಬೇಕು. ಮಂತ್ರಿಯ ದನಿಯಲ್ಲಿ ಓದಿದೆ. ಹರಾಜಿನವನ ದನಿಯಲ್ಲಿ ಓದಿದೆ. ಆಮೇಲೆ ಕಂಡಕ್ಟರ್ ದನಿಯಲ್ಲಿ. 'ಬಿಡ್ದಿ, ಕ್ಲೋಸ್‌ಪೀಟ್, ಚನ್ಪಟ್ಣ ಯಾರ್ರೀ!'

ಕ್ಲೋಸ್‌ಪೇಟೆ!

ನಮ್ಮ ರಾಮನಗರದ ಹಳೇ ಹೆಸರು ಅದೇ ಅಲ್ಲವೇ? ಯಾರೋ ಬಿಳಿ ದೊರೆಯ ಹೆಸರಿನಲ್ಲಿ ಕಟ್ಟಿದ ಪೇಟೆ. ಇಂಗ್ಲಿಷ್‌ನಲ್ಲಿ ಪಿ-ಇ-ಟಿ-ಇ ಅಂತ ಬರೆದ ಪೇಟೆಯನ್ನು ಅವರು ಪೀಟ್ ಅಂತ ಓದಿದ್ದಾರೆ. ಹೇಗಾಗಿರಬಹುದು, ನೀವೇ ಹೇಳಿ. ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದು ಹೆಸರನ್ನೇ? 'ಯಾವೂರ್ಲಾ ನಿಂದು?' ಅಲ್ಲವೇ? ಊರು ಗೊತ್ತಾದ ಮೇಲೆ ಯಾರ ಮನೆ, ಆಮೇಲೆ ಬೇಕಿದ್ದರೆ ಹೆಸರು. ಹಡಗಿಳಿದು ಬಂದ ಕೆಂಚಯ್ಯನ ಎದುರು ಯಾರೋ ಪುಸ್ತಕ ಬಿಚ್ಚಿಕೊಂಡು ಏನೋ ಕೇಳಿದ್ದಾರೆ. ಇವನು ಗೊತ್ತಿದ್ದ ಪದ್ಧತಿಯಂತೆ ಊರು ಹೇಳಿದ್ದಾನೆ. ಮುಂದಿನ ಪ್ರಶ್ನೆಗೆ ಕಾದಿರಬೇಕು. ಅವರು ಪುಸ್ತಕ ಮುಚ್ಚಿದ್ದಾರೆ.

ಅಷ್ಟೂ ವರ್ಷ ಅವನನ್ನು 'ಪೀಟ್' ಅಂತಲೇ ಕೂಗಿರುತ್ತಾರೆ. ಕೂಗಿದಾಗಲೆಲ್ಲ ಅವನು ತಿರುಗಿ ನೋಡಿರುತ್ತಾನೆ, ನಮ್ಮೂರಿನ ಹೆಸರಿಗೆ. ಅವರು ನಮ್ಮ ಊರನ್ನು ಮನುಷ್ಯ ಮಾಡಿದರು. ನಾವು ಅವರ ಊಟವನ್ನು ದೇವರು ಮಾಡಿದೆವು. ಯಾರನ್ನು ನೋಡಿ ಯಾರು ನಗುವುದು?

ಮೇಡಂಗೆ ಎಲ್ಲ ವಿವರಿಸಿದೆ. ಅವರು ಒಂದು ಫೋಟೋ ಕಳಿಸಿದರು. ಮನೆಯ ಮೆಟ್ಟಿಲ ಮೇಲೆ ಕೆಲಸದವರೆಲ್ಲ ಸಾಲಾಗಿ ನಿಂತಿದ್ದಾರೆ. ಏಪ್ರನ್ ಕಟ್ಟಿದ ಹೆಂಗಸರು, ಕೋಟು ಹಾಕಿದ ಗಂಡಸರು. ಚನ್ನಪಟ್ಟಣದ ಅಂಗಡಿಯಲ್ಲಿ ಜೋಡಿಸಿಟ್ಟ ಗೊಂಬೆಗಳ ಹಾಗೆ ಅಲ್ಲಾಡದೆ ನಿಂತಿದ್ದಾರೆ. ಎರಡನೇ ಸಾಲಿನಲ್ಲಿ ಐದನೆಯವನು, ಕಪ್ಪಗೆ, ಕುಳ್ಳಗೆ. ಮುಂಗೈ ಮೇಲೆ ಬಿಳಿ ಟವೆಲ್ಲು.

ಮುಖ ಮಾತ್ರ ಇಲ್ಲ. ಕ್ಯಾಮೆರಾ ಕ್ಲಿಕ್ ಅನ್ನುವ ಹೊತ್ತಿಗೆ ಸರಿಯಾಗಿ ತಲೆ ಅಲ್ಲಾಡಿಸಿದ್ದಾನೆ ಪುಣ್ಯಾತ್ಮ. ಮುಖದ ಜಾಗದಲ್ಲಿ ಬರೀ ಮಸುಕು. ಅವನ ಪಕ್ಕದ ಹುಡುಗಿಯೊಬ್ಬಳೇ ಆ ಇಡೀ ಸಾಲಿನಲ್ಲಿ ನಗು ತಡೆಯುತ್ತಿರುವವಳು. ಏನು ಮಾಡಿ ನಗಿಸಿದೆಯೋ ಮಾರಾಯ? ಒಂದು ಕ್ಷಣ ನೆಟ್ಟಗೆ ನಿಲ್ಲಬಾರದಿತ್ತೇ?

ಹೋದ ಭಾನುವಾರ ಮಧ್ಯಾಹ್ನ ಹೊಂಗನೂರಿನಲ್ಲಿ ಎಲ್ಲರೂ ಇದ್ದರು. ಮುದ್ದೆ ಇಳಿಯುವ ಮುಂಚೆ ಅಜ್ಜಿಗೆ ಫೋಟೋ ತೋರಿಸಿದೆ. ಮೊಬೈಲನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಸೆರಗಿನಿಂದ ಗಾಜು ಒರೆಸಿದಳು. ಮಸುಕು ಹೋಗಲಿಲ್ಲ.

'ಟವೆಲ್ಲು ಅದೇಯಾ' ಅಂದಳು. ಮಸುಕಿನ ಮೇಲೆ ಬೆರಳಿಟ್ಟು, 'ನೆಟ್ಗ್ ನಿಂತ್ಕಳಕೆ ಏನಾಗಿತ್ತಂತೆ ಇವುಂಗೆ?'

ಇಷ್ಟಾದ ಮೇಲೆ ಬಚ್ಚಿಡುವುದು ನನ್ನಿಂದ ಆಗಲಿಲ್ಲ. ದಿನೇಶ್ವರನ ಕಥೆಯನ್ನೂ ಹೇಳಿಬಿಟ್ಟೆ. ನಮ್ಮಪ್ಪ ತಟ್ಟೆ ನೋಡುತ್ತಾ ಕೂತರು. ಚಿಕ್ಕಪ್ಪ ಎದ್ದೇ ನಿಂತರು.

'ಏನೋ ಮಾತಾಡ್ತೀಯ? ಅದು ಗುಣಸಂಧಿ ಕಣೋ!'

'ನೀನೊಸಿ ಸುಮ್ಕಿರ್ಲಾ ಮೇಷ್ಟ್ರೆ' ಅಂದಳು ಅಜ್ಜಿ. ನನ್ನ ಕಡೆ ತಿರುಗಿದಳು. 'ಅಂಗಂದ್ರೇನ್ಲಾ ಅರ್ಥ?'

'ಊಟ ಬಡ್ಸೈತೆ ಸ್ವಾಮಿ ಅಂತ. ಬಾಗ್ಲಲ್ಲಿ ನಿಂತ್ಕಂಡು ಕೆಲ್ಸದೋರು ದೊರೆಗೋಳ್ಗೆ ಹೇಳೋ ಮಾತು.'

'ಯೋಳ್ದೋನೂ ಜೊತೇಲೇ ಉಣ್ತಿದ್ನಾ?'

'ಇಲ್ಲ ಅಜ್ಜಿ. ಅವರದ್ದೆಲ್ಲ ಆದ್ಮೇಲೆ.'

ಅಜ್ಜಿ ಮೊಬೈಲು ಕೆಳಗಿಟ್ಟಳು. ಸಾರು ಆರುತ್ತಿತ್ತು. ಬಾಯಿ ಮುಚ್ಚಿಕೊಂಡಿರಬೇಕಿತ್ತು ಅಂತ ನಾನು ಬದುಕಿನಲ್ಲಿ ಅಂದುಕೊಂಡಿದ್ದು ಅದೇ ಮೊದಲು.

'ಇಲ್ಲೂ ಅಂಗೇಯಾ' ಅಂದಳು ಅಜ್ಜಿ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. 'ಅವ್ವುನ್ನೂ ನನ್ನೂ ಮೊದ್ಲು ಕುಂಡ್ರುಸ್ಬುಡೋನು. ಕೈಮ್ಯಾಲೆ ಟವೆಲ್ಲಾಕ್ಕಂಡು, ಬಾಗ್ಲಲ್ ನಿಂತ್ಕಂಡು, ಅಂಗನ್ನೋನು. ಆಮ್ಯಾಕೆ ಅವ್ನೇ ಇಟ್ ಬಡ್ಸೋನು. ಅವ್ವ ಸೆರಗ ಬಾಯ್ಗಡ್ಡ ಇಟ್ಕಳೋಳು...'

ನಿಲ್ಲಿಸಿದಳು. ಕಣ್ಣು ಅಗಲ ಮಾಡಿ ನನ್ನನ್ನು ನೋಡಿದಳು.

'ಲೇ, ಅವ್ವ ಅಳ್ತಾ ಅವ್ಳೆ ಅನ್ಕಂಡಿದ್ದೆ ಕಣ್ಲಾ ಇಷ್ಟ್ ದಿನ. ನಗ್ತಿದ್ಲು!'

ಆ ಕಾಲದಲ್ಲಿ ಹೆಂಡತಿಯನ್ನು ಕೂರಿಸಿ, 'ಸಾರ್' ಅಂದು, ಮುದ್ದೆ ಬಡಿಸಿದ ಗಂಡ. ಅಲ್ಲಿ ದೊರೆಗೆ ಹೇಳಿ ಹೇಳಿ ಸವೆದ ಮಾತನ್ನು ಇಲ್ಲಿ ಹೆಂಡತಿ ಮಗಳನ್ನು ನಗಿಸಲು ಬಳಸಿದ. ಅವನು ಹೋದ ಮೇಲೆ ಹೆಂಡತಿ ಅದನ್ನೇ ಊಟಕ್ಕೆ ಮುಂಚೆ ಹೇಳುತ್ತಾ ಬಂದಳು. ಹೇಳುವಾಗ ದನಿ ಭಾರವಾಗಿರುತ್ತಿತ್ತೇನೋ. ಮಗಳು ದೇವರೆಂದುಕೊಂಡು ಕೈಮುಗಿದಳು. ಅಷ್ಟೇ ನಡೆದದ್ದು. (ನನ್ನ ಮಿಮಿಕ್ರಿ ಕಂಡಾಗಲೆಲ್ಲ 'ಈ ಕಪಿ ಯಾರ ಕಡೆಯಿಂದ ಬಂತು' ಅನ್ನುತ್ತಿದ್ದ ನಮ್ಮಪ್ಪ ಈಗ ಆ ಪ್ರಶ್ನೆ ಕೇಳುತ್ತಿಲ್ಲ.)

'ಅನ್ಲಾ ಇನ್ನೊಂದ್ಸಲ. ಛತ್ರದಲ್ಲಂದಂಗೆ' ಅಂದಳು ಅಜ್ಜಿ. ಕಣ್ಣು ಮುಚ್ಚಿಕೊಂಡಳು.

ಟವೆಲ್ಲು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಮಂತ್ರಿಗಳ ಎದುರೇ ಮಂತ್ರಿಗಳ ದನಿ ತೆಗೆದವನು ನಾನು. ಕೇಳಿದ ದನಿಯನ್ನಾದರೆ ತೆಗೆಯಬಹುದು, ಕೇಳದ ದನಿಯನ್ನು ಎಲ್ಲಿಂದ ತರುವುದು? ಹೇಗೋ ಹೇಳಿದೆ.

'ಊಂಹೂಂ. ಒಸಿ ಮೂಗಲ್ಲನ್ನು.'

ಮೂಗಲ್ಲಿ ಅಂದೆ.

'ಇನ್ನೊಸಿ ಗತ್ತು ಬರ್ಲಿ. ಕೊನೇಗ್ ಎಳೀಬೇಕು, ಸಾ... ಅಂತವ.'

ಎಳೆದೆ. ಎಂಟು ಸಲ, ಒಂಬತ್ತು ಸಲ. ಹತ್ತನೆಯದಕ್ಕೆ ಅಜ್ಜಿಯ ಕೈ ತಾನಾಗೇ ಮೇಲೆದ್ದಿತು. ಮುಗಿಯಲಿಲ್ಲ. ಸೆರಗು ಹಿಡಿದು ಬಾಯಿಗೆ ಅಡ್ಡ ಇಟ್ಟುಕೊಂಡಳು. ನಕ್ಕಳೋ, ಇನ್ನೊಂದೋ, ನಾನು ಕೇಳಲಿಲ್ಲ.

'ಅತ್ರುಕ್ ಬಂತು ಕಣ್ಲಾ' ಅಂದಳು. 'ಇನ್ನೂ ಒಸಿ ಐತೆ.'

ಉಳಿದ ಆ ಚೂರಿಗಾಗಿ, ಆ 'ಒಸಿ'ಗಾಗಿ ದಿನಾ ಬಾತ್‌ರೂಮಿನಲ್ಲಿ ಕೂಗಿ ನೋಡುತ್ತಿದ್ದೇನೆ. ಸಿಗುತ್ತಿಲ್ಲ. ಮನೆಯಲ್ಲಿ ದಿನೇಶ್ವರ ಇದ್ದಲ್ಲೇ ಇದ್ದಾನೆ, ಚಿಕ್ಕಪ್ಪನ ಸ್ಟಿಕ್ಕರೂ ಇದೆ. ಅಜ್ಜಿ ಮಾಡಿದ ತಿದ್ದುಪಡಿ ಒಂದೇ. ಹೆಸರು ಹೇಳುವಾಗ ಎಲ್ಲರೂ ಒಸಿ ನಗಬೇಕು.

ನಿಮ್ಮ ಮನೆಯಲ್ಲೂ ಅರ್ಥ ಗೊತ್ತಿಲ್ಲದೆ ಕೈಮುಗಿದು ಹೇಳುವ ಮಾತೊಂದು ಇರಬಹುದು. ಒಮ್ಮೆ ಕಿವಿಗೊಟ್ಟು ಕೇಳಿ, ಒಳಗೆ ಯಾರಾದರೂ ನಗುತ್ತಿದ್ದಾರಾ?