ಏಳನೇ ವ್ಯಾನಿನ ವೈರು

ಕಡಲ ದಂಡೆಯ ಆ ಬಿಡಾರದಲ್ಲಿ, ಸಾಕುಪ್ರಾಣಿಗಳ ಜೊತೆ ಬಂದು ಮನೆಯಂಥ ವ್ಯಾನುಗಳಲ್ಲಿ ತಂಗುವವರಿಗೆಲ್ಲ ಅವಳು ‘ಅಕ್ಕ’. ಹನ್ನೊಂದು ವರ್ಷಗಳಿಂದ ಅಲ್ಲಿನ ನೀರು, ಕರೆಂಟು, ಕಸ ಎಲ್ಲವೂ ಅವಳದೇ ಜವಾಬ್ದಾರಿ. ಅಂದು ಮಧ್ಯಾಹ್ನ ತೊಟ್ಟಿಗೆ ನೀರೇರಿಸಲೆಂದು, ವ್ಯಾನುಗಳಿಗೆ ಕರೆಂಟು ಕೊಡುವ ಕಂಬದಿಂದ, ವ್ಯಾನಿನ ನಂಬರು ನೋಡದೆ ಒಂದು ವೈರು ಕಿತ್ತು ಪಂಪಿನದನ್ನು ಸಿಕ್ಕಿಸಿದಳು. ಊಟಕ್ಕೆ ಕೂತು ಎರಡನೇ ತುತ್ತು ಎತ್ತುವಾಗ ಕಿತ್ತ ವೈರು ಯಾವುದೆಂದು ಹೊಳೆಯಿತು. ಅದು ಏಳನೇ ವ್ಯಾನಿನ ವೈರು. ಎ.ಸಿ. ನಂಬಿಕೊಂಡು ಮುದಿ ನಾಯಿಯನ್ನು ಒಳಗೆ ಬಿಟ್ಟು, ಅದರ ಒಡತಿ ಈಜಲು ಹೋಗಿದ್ದಳು.

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಾಗಿಲು ಲಾಕಾಗಿತ್ತು. ತಗಡು ಕೈ ಸುಡುತ್ತಿತ್ತು. ಎಷ್ಟು ಬಡಿದರೂ ಬೊಗಳುವ ಸದ್ದಿಲ್ಲ.

ಡೇರೆಯ ಗೂಟ ಹೊಡೆಯುತ್ತಿದ್ದ ಗಂಡ ಹಿಂದೆಯೇ ಬಂದ. “ಮಲಗಿರತ್ತೆ ಕಣೇ, ನಿನ್ನಷ್ಟು ಗಾಬರಿ ಅದಕ್ಕಿಲ್ಲ. ಗಾಜು ಒಡೆದ್ರೆ ಕೆಲಸ ಹೋಗತ್ತೆ.”

“ಹೋಗ್ಲಿ. ಸುತ್ತಿಗೆ ಕೊಡಿ ಇಲ್ಲಿ.”

ಬಾಗಿಲ ಗಾಜು ಒಡೆದು, ಕೈ ಹಾಕಿ ಒಳಗಿನಿಂದ ಲಾಕು ತೆಗೆದಳು. ನಾಯಿ ನಾಲಿಗೆ ಚಾಚಿ ಬಿದ್ದಿತ್ತು. ನೆರಳಿಗೆ ಎತ್ತಿ ತಂದು ನೀರು ಸುರಿದು, ಪಕ್ಕೆಯ ಮೇಲೆ ಕೈಯಿಟ್ಟು ಕಾದಳು. ಕೊನೆಗೆ ಪಕ್ಕೆ ಏರಿತು, ಇಳಿಯಿತು, ಮತ್ತೆ ಏರಿತು.

ಒಡತಿ ಒದ್ದೆ ಕೂದಲಲ್ಲೇ ಓಡಿ ಬಂದಳು. “ಏನಾಯ್ತಕ್ಕ?”

ಕರೆಂಟು ಹೋಗಿತ್ತು ಎನ್ನು ಎಂದು ಗಂಡ ಕಣ್ಸನ್ನೆ ಮಾಡಿದ.

“ವೈರು ಕಿತ್ತಿದ್ದು ನಾನೇ ಮೇಡಂ,” ಎಂದಳು. “ಮೊದಲು ಡಾಕ್ಟ್ರ ಹತ್ರ ನಡೀರಿ. ದಾರೀಲಿ ಬೇಕಾದಷ್ಟು ಬೈಯುವಿರಂತೆ.”