ಭಾವನ ಜೊತೆಗಿನ ಬ್ಯಾಟರಿ ಪಂದ್ಯ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಹರಿಹರದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಬಾಯಿ ಸುಮ್ಮನಿರದ ಮನುಷ್ಯ. ಹರಿಹರದಲ್ಲಿ ಬಸ್ಸು ಹತ್ತಿ ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ಪಕ್ಕದಲ್ಲಿ ಕೂತವನ ಊರು, ಹೊಲ, ಮಗಳ ಮದುವೆ ಎಲ್ಲ ತಿಳಿದುಕೊಂಡಿರುತ್ತಿದ್ದರು. ಅಂಥವರ ಮಾತು ನಿಂತುಹೋದ ದಿನ ಅವರ ಮನೆಯಿಂದ ಬಂದ ಕರೆಯನ್ನು ನಾನು ನಾಲ್ಕು ಸಲ ಕಟ್ ಮಾಡಿದ್ದೆ. ಯಾಕೆ ಎಂದು ಕೇಳಿದರೆ, ಬ್ಯಾಟರಿ ಉಳಿಸಲು ಎನ್ನಬೇಕು. ಬರೆಯುವಾಗಲೂ ನಾಚಿಕೆಯಾಗುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಪಂಪ್‌ಸೆಟ್ ಅಂಗಡಿ. ಕಾರ್ಖಾನೆ ಬಿಟ್ಟ ಮೇಲೆ ಭಾವ ನನ್ನ ಜೊತೆ ಸೇರಿ, ನಾನು ಮಾರಿದ ಮೋಟಾರುಗಳನ್ನು ಆನಗೋಡಿನ ಕಡೆಯ ಬೋರ್‌ವೆಲ್‌ಗಳಿಗೆ ಇಳಿಸಿಕೊಡುತ್ತಿದ್ದರು. ಹೊಲದಲ್ಲಿರುವ ಅವರನ್ನು ಹಿಡಿಯುವುದೇ ಒಂದು ಪಾಡು. ನಮ್ಮ ಕಡೆ ಮೊಬೈಲ್ ಇನ್ನೂ ಹೊಸತು. ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ಆದರೂ ಇಬ್ಬರೂ ಒಂದೊಂದು ಕೊಂಡೆವು. ನನ್ನದು ಒಂದು ಕಂಪನಿ, ಅವರದು ಇನ್ನೊಂದು. ಯಾರದು ಹೆಚ್ಚು ಹೊತ್ತು ಬಾಳುತ್ತದೆ ಎಂಬ ಜಗಳ ಅಲ್ಲಿಂದಲೇ ಶುರುವಾಯಿತು.

ದಿನದ ಬಳಕೆಯಲ್ಲಿ ನನ್ನದೇ ಮೇಲು. ಬೆಳಿಗ್ಗೆ ಚಾರ್ಜ್ ಮಾಡಿಕೊಂಡು ಹೊರಟರೆ ಮರುದಿನ ಮಧ್ಯಾಹ್ನದ ಊಟದವರೆಗೆ ಎಳೆಯುತ್ತಿತ್ತು. ಭಾವನದು ಸಂಜೆಯ ಚಹಾಕ್ಕೆ ಮೊದಲೇ ಕುಂಯ್‌ಗುಟ್ಟಿ ಕಣ್ಣು ಮುಚ್ಚುತ್ತಿತ್ತು. ನಾನು ಬಿಡುತ್ತೇನೆಯೇ? ಅವರ ಫೋನಿಗೆ ಗ್ಲೂಕೋಸ್ ಏರಿಸಬೇಕು ಎಂದು ಅಂಗಡಿಗೆ ಬಂದವರ ಮುಂದೆಲ್ಲ ಆಡಿಕೊಂಡೆ. ಭಾವನಿಗೆ ರೇಗಿತು. ತಪ್ಪು ಬ್ಯಾಟರಿಯದಲ್ಲ, ತಮ್ಮ ಬಾಯಿಯದು ಎಂದರು. ಮಾತಿನ ಲೋಡ್ ಇಲ್ಲದೆ ಪರೀಕ್ಷೆ ಮಾಡಿದರೆ ಮಾತ್ರ ಯಂತ್ರದ ಯೋಗ್ಯತೆ ತಿಳಿಯುವುದು ಎಂದು ಫಿಟ್ಟರ್ ಬುದ್ಧಿಯಲ್ಲಿ ಹಟ ಹಿಡಿದರು. ಹಾಗಾಗಿ ಪಂದ್ಯ ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಇಬ್ಬರೂ ಚಾರ್ಜರ್ ಕೀಳುವುದು, ಫೋನು ಆನ್ ಇಟ್ಟು ಅದರಲ್ಲಿ ಮಾತಾಡದೆ ಇರುವುದು. ಕೆಲಸದ ಮಾತಿಗೆ ಅಂಗಡಿಯಲ್ಲೂ ಅವರ ಮನೆಯಲ್ಲೂ ಲ್ಯಾಂಡ್‌ಲೈನ್ ಇದ್ದೇ ಇತ್ತು. ಯಾರದು ಮೊದಲು ಆರುತ್ತದೋ ಅವರು ಗೆದ್ದವರ ಮನೆಮಂದಿಗೆಲ್ಲ ಬೆಣ್ಣೆದೋಸೆ ತಿನ್ನಿಸಬೇಕು.

ಮಂಗಳವಾರ ಭಾವ ತಮ್ಮ ಬುದ್ಧಿ ತೋರಿಸಿದರು. ಮನೆಯ ಲ್ಯಾಂಡ್‌ಲೈನಿನಿಂದ ನನ್ನ ಮೊಬೈಲಿಗೆ ಮಾಡಿ, ಏನೋ ಅರ್ಜೆಂಟ್ ಎಂದು ಕೇಬಲ್ ವಿಷಯ ಎತ್ತಿ, ಪಕ್ಕದ ಮನೆಯ ಎಮ್ಮೆ ಕರು ಹಾಕಿದ ಸುದ್ದಿಯವರೆಗೆ ಎಳೆದರು. ಹತ್ತು ನಿಮಿಷವಾದ ಮೇಲೆ, "ಈಗ ನೋಡಪಾ, ನಿಂದು ಒಂದು ಗೆರೆ ಹೋಗಿರ್ತೈತೆ," ಎಂದು ನಕ್ಕು ಇಟ್ಟುಬಿಟ್ಟರು. ನೋಡಿದರೆ, ಪರದೆಯ ಮೇಲಿನ ಬ್ಯಾಟರಿ ಗೆರೆಗಳಲ್ಲಿ ಒಂದು ನಿಜಕ್ಕೂ ಹೋಗಿತ್ತು. ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಕರೆಯನ್ನು ಇನ್ನು ಎತ್ತಿದರೆ ಕೇಳಿ ಎಂದು ಅಂಗಡಿಯಲ್ಲಿದ್ದವರ ಎದುರು ಆಣೆ ಹಾಕಿದೆ.

ಬುಧವಾರ ಹನ್ನೊಂದರ ಸುಮಾರಿಗೆ ಮೊಬೈಲ್ ಹೊಡೆದುಕೊಂಡಿತು. ಪರದೆಯ ಮೇಲೆ ಭಾವನ ಮೊಬೈಲ್ ನಂಬರು. ಆಹಾ, ಇವರದು ಆರಲು ಬಂದಿದೆ, ಮುಳುಗುವಾಗ ನನ್ನನ್ನೂ ಎಳೆದುಕೊಂಡೇ ಮುಳುಗುವ ಆಟ ಇದು ಎಂದುಕೊಂಡು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್. ಎದುರಿಗಿದ್ದ ಗಿರಾಕಿಗೆ ಪಂದ್ಯದ ಕಥೆ ಹೇಳಿದೆ, ಆತನೂ ನಕ್ಕ. ಮೂರನೆಯದನ್ನು ನಗುತ್ತಲೇ ಕಟ್ ಮಾಡಿದೆ. ನಾಲ್ಕನೆಯದಕ್ಕೆ ಒಂದು ರಿಂಗ್ ಪೂರ್ತಿ ಆಗಲೂ ಬಿಡಲಿಲ್ಲ. ಆಮೇಲೆ ಬರಲಿಲ್ಲ. ಗೆದ್ದೆ ಎಂದುಕೊಂಡು ಗಿರಾಕಿಗೂ ನನಗೂ ಚಹಾ ತರಿಸಿದೆ.

ಮಧ್ಯಾಹ್ನ ಅಂಗಡಿಯ ಲ್ಯಾಂಡ್‌ಲೈನಿಗೆ ಕರೆ ಬಂತು. ದಾವಣಗೆರೆಯ ಆಸ್ಪತ್ರೆಯಿಂದ, ಅಕ್ಕನ ಓಣಿಯವರೊಬ್ಬರು. ಭಾವ ತಿಂಡಿ ತಿಂದು ಕೂತಲ್ಲೇ ಬಲಕ್ಕೆ ವಾಲಿದ್ದರು. ಲಕ್ವ ಹೊಡೆದಿತ್ತು. ಆ ದಿನ ಬೆಳಗಿನಿಂದ ಮನೆಯ ಲ್ಯಾಂಡ್‌ಲೈನ್ ಸತ್ತಿತ್ತು. ಮೊಬೈಲಿನಲ್ಲಿ ಅಕ್ಕನಿಗೆ ಬರುತ್ತಿದ್ದುದು ಒಂದೇ ವಿದ್ಯೆ: ಹಸಿರು ಗುಂಡಿಯನ್ನು ಎರಡು ಸಲ ಒತ್ತಿದರೆ ತಮ್ಮನಿಗೆ ಹೋಗುತ್ತದೆ ಎಂದು ಭಾವ ಹೇಳಿಕೊಟ್ಟಿದ್ದರು. ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಸಲ ಹಾಗೆ ಮಾಡಿದ್ದಳು. ನನ್ನ ಅಂಗಡಿಯ ಮುಂದೆ ವ್ಯಾನ್ ನಿಂತಿತ್ತು. ಹರಿಹರ ಇಪ್ಪತ್ತೈದು ನಿಮಿಷದ ದಾರಿ. ಕೊನೆಗೆ ಅವರನ್ನು ನೆಲದ ಮೇಲೆ ಬಿಟ್ಟು ಬೀದಿಗೆ ಓಡಿದ್ದಳು. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು. ಎತ್ತಿ ಕೂರಿಸಲು ಜನ ಸೇರಿ, ಗಾಡಿ ಸಿಕ್ಕಿ, ಹೊರಡುವಷ್ಟರಲ್ಲಿ ಒಂದು ತಾಸು ದಾಟಿತ್ತು. ಇನ್ನಷ್ಟು ಬೇಗ ತಂದಿದ್ದರೆ ಒಳ್ಳೆಯದಿತ್ತು ಎಂದಷ್ಟೇ ಡಾಕ್ಟರು ಹೇಳಿದರು.

ಆಸ್ಪತ್ರೆಯಲ್ಲಿ ಅಕ್ಕ ಅಳುತ್ತಿರಲಿಲ್ಲ. ನನ್ನನ್ನು ಕಂಡವಳೇ, "ಯಾಕ ತಮ್ಮಾ, ಎಷ್ಟು ಮಾಡಿದ್ರೂ ನಿನಗೆ ಹತ್ಲೇ ಇಲ್ಲಲ್ಲ?" ಎಂದಳು. ನಿಜ ಹೇಳಲು ಅದೇ ಹೊತ್ತು. ನನ್ನ ಬಾಯಿಂದ ಬಂದದ್ದು, "ಸಿಗ್ನಲ್ ಇರ್ಲಿಲ್ಲಕ್ಕಾ."

ಅಕ್ಕ ನಂಬಿದಳು. ನಂಬಿದ್ದಷ್ಟೇ ಅಲ್ಲ, ನೋಡಲು ಬಂದ ನೆಂಟರಿಷ್ಟರಿಗೆಲ್ಲ ತಾನಾಗಿಯೇ ಹೇಳುತ್ತಿದ್ದಳು, ಪಾಪ ನನ್ನ ತಮ್ಮನದೇನೂ ತಪ್ಪಿಲ್ಲ, ಸಿಗ್ನಲ್ಲೇ ಇರಲಿಲ್ಲವಂತೆ ಎಂದು. ಅವಳು ಹಾಗೆ ನನ್ನ ಪರ ವಹಿಸಿದಾಗಲೆಲ್ಲ ನಾನು ಔಷಧಿ ತರುವ ನೆಪ ಮಾಡಿ ಹೊರಗೆ ಎದ್ದು ಹೋಗುತ್ತಿದ್ದೆ. ಥೂ, ಎಂಥ ಬಾಳು ಅದು. ನನ್ನ ಫೋನು ಗುರುವಾರ ಸಂಜೆಯವರೆಗೂ ಆರಿರಲಿಲ್ಲ.

ಭಾವ ಉಳಿದರು. ತಿಂಗಳುಗಳ ಮೇಲೆ ಗೋಡೆ ಹಿಡಿದುಕೊಂಡು ನಡೆಯುವಷ್ಟಾದರು. ಬಲಗೈ ಬರಲಿಲ್ಲ, ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರಕ್ಕೆ ಬರೀ "ಆ, ಆ" ಎಂಬ ದನಿ. ನಾನು ಪ್ರತಿ ಭಾನುವಾರ ಹರಿಹರಕ್ಕೆ ಹೋಗಿ ಎದುರು ಕೂತು, ಯಾವ ಹೊಲಕ್ಕೆ ಯಾವ ಮೋಟಾರು ಇಳಿಸಿದೆವು ಎಂದು ವರದಿ ಒಪ್ಪಿಸಿ ಬರುತ್ತಿದ್ದೆ. ಒಂದು ಭಾನುವಾರ ಅಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, "ಭಾವ, ಅವತ್ತು ಸಿಗ್ನಲ್ ಇತ್ರಿ. ನಿಮ್ಮ ಆಟ ಅಂದ್ಕೊಂಡು ನಾನೇ ಕಟ್ ಮಾಡ್ದೆ," ಎಂದೆ.

ಅಕ್ಕನಿಗೆ ಹೇಳದೆ ಭಾವನಿಗೆ ಯಾಕೆ ಹೇಳಿದೆ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆಗ ಅದನ್ನು ಧೈರ್ಯ ಎಂದೇ ತಿಳಿದಿದ್ದೆ. ಧೈರ್ಯವೂ ಅಲ್ಲ, ಮಣ್ಣೂ ಅಲ್ಲ. ಅವರು ಅದನ್ನು ಯಾರಿಗೂ ಹೇಳಲಾರರು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಭಾವ ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದರು. ಬಾಯಿ ತೆರೆದು, ಕುತ್ತಿಗೆಯ ನರ ಉಬ್ಬುವಂತೆ ಏನನ್ನೋ ಹೇಳಲು ಒದ್ದಾಡಿದರು. ಬೈಗುಳವೋ, ಹೋಗಲಿ ಬಿಡು ಎಂದೋ, ನನಗೆ ಇವತ್ತಿಗೂ ತಿಳಿಯದು. ಆ ದನಿ ಕೇಳಿ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಏನಂತೆ?" ಎಂದಳು.

"ನೀರು ಬೇಕಂತೆ," ಎಂದೆ.

ಅಕ್ಕ ಕೈ ತೊಳೆದು ಲೋಟದಲ್ಲಿ ನೀರು ತಂದು ಅವರ ತುಟಿಗೆ ಹಿಡಿದಳು. ಭಾವ ನನ್ನನ್ನೇ ನೋಡುತ್ತಾ ಅಷ್ಟೂ ನೀರು ಕುಡಿದರು.