ಸೋಮವ್ವನ ಕೈಗೆ ಕಂಡ ಗೋಡೆ

ರಾಮದುರ್ಗದ ಹಳೆಯ ವಾಡೆಯೊಂದರ ಮಾಳಿಗೆ. ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದ ಹೆಂಗಸೊಬ್ಬಳು ಕಣ್ಣಿಗೆ ಅರಿವೆ ಕಟ್ಟಿಕೊಂಡು, ಗೋಡೆಗೆ ಎಡಗೈ ಹಚ್ಚಿ, ಮಂಚದಿಂದ ಅಡುಗೆಮನೆಯತ್ತ ನಡೆಯುತ್ತಾಳೆ. ಆರನೆಯ ಹೆಜ್ಜೆಗೆ ಹೊಸ್ತಿಲು ಎಡವುತ್ತಾಳೆ. "ಹಾಂ, ಇಲ್ಲೇ ತಪ್ಪೈತಿ ನೋಡ್ರಿ" ಎಂದು ಬಾಗಿಲಲ್ಲಿ ನಿಂತ ನನಗೆ ಹೇಳಿ, ಅರಿವೆ ಬಿಚ್ಚಿ, ಎಡವಿದ ಜಾಗಕ್ಕೆ ಇದ್ದಿಲಿನಿಂದ ಗೆರೆ ಎಳೆಯುತ್ತಾಳೆ.

ಈಕೆ ಸಾವಂತ್ರೆವ್ವ. ವಯಸ್ಸು ಐವತ್ತರ ಆಚೀಚೆ. ಮನೆಯ ಒಳಗೋಡೆಗಳಿಗೆ ಹೊಸ ರೂಪ ಕೊಡುವುದೇ ಕೆಲಸ. ಸಂಸ್ಥಾನ ಹೋಗಿ ಇಪ್ಪತ್ತೆಂಟು ವರ್ಷವಾಯಿತು. ದೊಡ್ಡವರ ವಾಡೆಗಳೆಲ್ಲ ಈಗ ಎರಡೆರಡು ಖೋಲಿಯ ಮನೆಗಳಾಗಿ ಹಂಚಿಹೋಗಿವೆ. ಬಂದವರಿಗೆಲ್ಲ ಒಂದೊಂದು ಆಸೆ. ಒಬ್ಬರಿಗೆ ನೀಲಿ ಬೆರೆಸಿದ ಸುಣ್ಣ, ಇನ್ನೊಬ್ಬರಿಗೆ ಕೆಮ್ಮಣ್ಣಿನ ಪಟ್ಟಿ, ಮತ್ತೊಬ್ಬರಿಗೆ ಹಿತ್ತಾಳೆ ಪಾತ್ರೆ ಮೆರೆಸಲು ಗೂಡು.

ಗಂಡ ಸತ್ತಾಗ ಮಡಿಲಲ್ಲಿ ಮೂರು ಹೆಣ್ಣುಮಕ್ಕಳು. ಅಂದು ಹಿಡಿದ ಮಣ್ಣನ್ನು ಇಂದಿಗೂ ಬಿಟ್ಟಿಲ್ಲ. ದಿನಕ್ಕೆ ಹನ್ನೆರಡು ಬುಟ್ಟಿ ಮಣ್ಣು ಮೆಟ್ಟಿಲೇರುತ್ತದೆ. ಒಂದು ಗೋಡೆಗೆ ಏಳು ಸಲ ಕೈ ಆಡುತ್ತದೆ, ಕಡೆಗೆ ಮಲಪ್ರಭೆಯ ಗುಂಡುಕಲ್ಲಿನಿಂದ ಉಜ್ಜುತ್ತಾಳೆ. ಆ ಗೋಡೆಯ ಮೇಲೆ ಇರುವೆಯೂ ಜಾರಬೇಕು! ಸುಣ್ಣ ತಿಂದ ಬೆರಳುಗಳಲ್ಲಿ ಗೆರೆಗಳೇ ಉಳಿದಿಲ್ಲ.

"ನಿಮಗ ಎಂಥಾದ್ದು ಬೇಕು ಅಂತ ಮೊದಲ ಕೇಳತೇನ್ರಿ. ಮನಿ ಅವರದು, ಕೈ ಅಷ್ಟ ನಂದು" ಎನ್ನುತ್ತಾಳೆ.

ಈ ಮನೆಯಲ್ಲಿ ಮಾತ್ರ ಕೇಳಬೇಕಾದವರನ್ನೇ ಕೇಳಲಿಲ್ಲ. ಅರಿವೆ ಅಂಗಡಿಯ ಶಂಕ್ರೆಪ್ಪ ಕನ್ನಡಿಯಂಥ ಗೋಡೆ ಬೇಕೆಂದ, ಮಾಡಿಕೊಟ್ಟಳು. ಆತನ ತಾಯಿ ಸೋಮವ್ವನಿಗೆ ಹನ್ನೆರಡು ವರ್ಷದಿಂದ ಕಣ್ಣಿಲ್ಲ. ಹಳೆಯ ಗೋಡೆಯ ಉಬ್ಬು, ಮೊಳೆಯ ತೂತು, ಹಪ್ಪಳ ಎದ್ದ ಜಾಗ, ಇವೇ ಮುದುಕಿಗೆ ದಾರಿ ತೋರುತ್ತಿದ್ದವು. ಮರುದಿನ ಅಡುಗೆಮನೆಗೆ ಹೊರಟವಳು ಮೆಟ್ಟಿಲ ಬಾಯಿಗೆ ಬಂದು ನಿಂತಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಕಥೆ ಮುಗಿಯುತ್ತಿತ್ತು. "ನನ್ನ ಯಾರ ಮನ್ಯಾಗ ತಂದು ಬಿಟ್ರೋ?" ಎಂದು ಅತ್ತಳಂತೆ. ಹೆದರಿದ ಮಗ, ಅವ್ವನನ್ನು ಮನೋಳಿ ಊರಿನಲ್ಲಿರುವ ತನ್ನ ಅಕ್ಕನ ಮನೆಗೆ ಕಳಿಸುವುದೇ ಸೈ ಎಂದು ಸೋಮವಾರಕ್ಕೆ ಗಾಡಿ ಹೇಳಿಬಿಟ್ಟ.

"ಆನಿಯಂಥಾದ್ದೂ ಮುಗ್ಗರಿಸತೈತಿ ಅಂತಾರ, ನಾ ಎಷ್ಟರಾಕಿ ಬಿಡ್ರಿ" ಎಂದು ಸಾವಂತ್ರೆವ್ವ ಮಣ್ಣು ನಾದುತ್ತಾಳೆ. "ಆದ್ರ ನನ್ನ ಕೈಯಿಂದ ಒಬ್ಬಾಕಿ ತನ್ನ ಮನಿ ಬಿಡಬಾರದ್ರಿ. ಮೂರು ದಿನ ತಡೀರಿ ಅಂದೆ."

ಇಂದು ಮೂರನೆಯ ದಿನ. ತಾನೇ ಉಜ್ಜಿ ಹೊಳೆಯಿಸಿದ ಗೋಡೆಯನ್ನು ಸೊಂಟದೆತ್ತರಕ್ಕೆ ಕೆತ್ತಿ, ಉದ್ದಕ್ಕೂ ಹಸಿ ಮಣ್ಣಿನ ಪಟ್ಟಿ ಮೆತ್ತುತ್ತಾಳೆ. ಸೋಮವ್ವನ ಕೈ ಹಿಡಿದು ಕೇಳುತ್ತಾಳೆ: "ಯವ್ವಾ, ಹೊಸ್ತಿಲ ಹಂತ್ಯಾಕ ಕವಡಿ ಹಚ್ಚಲೇನು?"

"ಬ್ಯಾಡವಾ, ಚುಚ್ಚತಾವ. ಹುಣಸಿಬೀಜ ಒತ್ತು."

ಮಂಚದಿಂದ ಹೊಸ್ತಿಲತನಕ ಹಗ್ಗದ ಅಚ್ಚು, ಅಡುಗೆಮನೆಯ ಬಾಗಿಲಿಗೆ ಹುಣಸೆಬೀಜ, ಮೆಟ್ಟಿಲಿಗೆ ಎರಡು ಹೆಜ್ಜೆ ಮೊದಲೇ ಒರಟು ಹರಳು. ಅಷ್ಟಕ್ಕೆ ಮುಗಿಯಿತೇ? "ನಂದೂ ಮನಿ ಹೌದಿಲ್ಲೋ? ನನಗೂ ಒಂದು ಚಂದಂದು ಬೇಕು" ಎಂದು ಮುದುಕಿ ಹಟ ಹಿಡಿಯುತ್ತಾಳೆ. ಮಂಚದ ತಲೆಯ ಕಡೆ ಮಣ್ಣಿನ ಗಿಳಿಯೊಂದು ಮೂಡುತ್ತದೆ. ಸೋಮವ್ವ ಸವರಿ ನೋಡಿ, "ಚುಂಚು ಭಾಳ ಸೊಟ್ಟ ಆತು" ಎನ್ನುತ್ತಾಳೆ. ಸಾವಂತ್ರೆವ್ವ ನಗುತ್ತ ತಿದ್ದುತ್ತಾಳೆ. ಅಬ್ಬಾ! ಎಂಥ ಕೈ, ಎಂಥ ತಾಳ್ಮೆ!

ಸಂಜೆಯ ಹೊತ್ತಿಗೆ ಮಣ್ಣು ಬಿಗಿದಿದೆ. ಸೋಮವ್ವ ಒಬ್ಬಳೇ ಏಳುತ್ತಾಳೆ. ಶಂಕ್ರೆಪ್ಪ ಮೆಟ್ಟಿಲ ಬಾಯಿಗೆ ಎರಡೂ ಕೈ ಚಾಚಿ ನಿಂತಿದ್ದಾನೆ. ಹಗ್ಗದ ಅಚ್ಚು ಮುಗಿಯುತ್ತದೆ. ಬೆರಳಿಗೆ ಹುಣಸೆಬೀಜ ಸಿಗುತ್ತದೆ. ಮುದುಕಿ ಕಾಲೆತ್ತಿ ಹೊಸ್ತಿಲು ದಾಟಿ ಒಳಗೆ ಹೋಗುತ್ತಾಳೆ. ಕೊಡದ ಸಪ್ಪಳ. ತಿರುಗಿ ಬಂದವಳ ಕೈಯಲ್ಲಿ ತುಂಬಿದ ತಂಬಿಗೆ.

"ಸಾವಂತ್ರೀ, ಎಲ್ಲಿದ್ದಿಯವಾ? ದಣದೀದಿ, ನೀರು ಕುಡಿ."

ಶಂಕ್ರೆಪ್ಪ ಕಣ್ಣೊರೆಸಿಕೊಂಡು, ಗಾಡಿಯವನಿಗೆ ಬೇಡವೆಂದು ಹೇಳಲು ಇಳಿದು ಹೋಗುತ್ತಾನೆ. ಸಾವಂತ್ರೆವ್ವ ಗಟಗಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾಳೆ. ನಿಮಗೇನು ಆಸೆ ಎಂದು ನಾನು ಕೇಳಿದರೆ ತಲೆಯಾಡಿಸುತ್ತಾಳೆ.

"ಏನ್ ಬೇಕ್ರಿ ನನಗ? ಗ್ವಾಡಿ ನೋಡಿ ಛಲೋ ಐತಿ ಅಂದವರು ಭಾಳ ಮಂದಿ ಅದಾರ್ರಿ. ಅದನ್ನ ಹಿಡಕೊಂಡು ನಡದಾಕಿ ಈಕಿ ಒಬ್ಬಾಕಿನ."